ಮನೆಯ ವೀಣೆ ಕಂಪ್ಯೂಟರಿಗೆ ಸೇರಲಿ

ಚೆನ್ನೈ: ಕನ್ನಡ ಚಿತ್ರಗೀತೆಗೂ ಈ ಊರಿಗೂ ಹಳೆಯ ನಂಟು. ಜಿ.ಕೆ. ವೆಂಕಟೇಶ್, ರಾಜನ್-ನಾಗೇಂದ್ರ ಅವರ ಎಷ್ಟೋ ಹಾಡುಗಳು ಮುದ್ರಣಗೊಂಡದ್ದು ಮದರಾಸಿನ ಸ್ಟುಡಿಯೋಗಳಲ್ಲೇ. 1992ರಲ್ಲಿ 'ರೋಜಾ' ಮೂಲಕ ಹೆಸರಾದ ಎ.ಆರ್. ರೆಹಮಾನ್ ಅವರಂತೂ ಕೋಡಂಬಾಕ್ಕಂನ ಮನೆಯಂಗಳದಲ್ಲೇ ಸ್ಟುಡಿಯೋ ಕಟ್ಟಿಕೊಂಡವರು. ಇಂದು ಅಷ್ಟೆಲ್ಲ ಬೇಕಿಲ್ಲ. ಒಂದು ಕಂಪ್ಯೂಟರ್, ಒಂದು ಮೈಕು, ನಡುವೆ ಒಂದು ಪುಟ್ಟ ಪೆಟ್ಟಿಗೆ ಇದ್ದರೆ ಸಾಕು.

ಆ ಪೆಟ್ಟಿಗೆ ಬೇಡವೆಂದು ನಾನು ಪಟ್ಟ ಪಾಡು ಕೇಳಿ. ನಮ್ಮ ಸೋದರತ್ತೆ ಐವತ್ತು ವರ್ಷ ವೀಣೆ ನುಡಿಸಿದವರು. ಅದನ್ನು ಹಿಡಿದಿಡೋಣವೆಂದು ವೀಣೆಗೆ ಅಂಟಿಸುವ ಕಾಂಟ್ಯಾಕ್ಟ್ ಮೈಕನ್ನು ನೇರ ಕಂಪ್ಯೂಟರಿನ ಮೈಕ್ ತೂತಿಗೆ ಚುಚ್ಚಿದೆ. ಕೇಳಿ ನೋಡಿದರೆ 'ಗುಂಯ್' ಎಂಬ ಸದ್ದು, ಅದರ ಹಿಂದೆಲ್ಲೋ ತಗಡು ಬಡಿದಂತಹ ವೀಣೆ!

ತಪ್ಪು ಎಲ್ಲಿ?

ಆ ತೂತು ಇರುವುದು ಹೆಡ್‌ಫೋನ್ ಜೊತೆ ಬರುವ ಸಣ್ಣ ಮೈಕಿಗಾಗಿ. ಕಾಂಟ್ಯಾಕ್ಟ್ ಮೈಕನ್ನು ಅಲ್ಲಿಗೆ ಸಿಕ್ಕಿಸಿದರೆ ಮಂದ್ರದ ನಾದವೇ ಸೋರಿಹೋಗುತ್ತದೆ. ಇದಕ್ಕೆ ಪರಿಹಾರ 'ಆಡಿಯೋ ಇಂಟರ್‌ಫೇಸ್' ಎಂಬ ಪೆಟ್ಟಿಗೆ. ಮೈಕಿನ ಸದ್ದನ್ನು ಹಿಗ್ಗಿಸಿ, ಅಂಕೆಗಳಾಗಿ ಬದಲಿಸಿ, ಯುಎಸ್‌ಬಿ ತಂತಿಯಲ್ಲಿ ಕಂಪ್ಯೂಟರಿಗೆ ಕಳಿಸುವುದು ಇದರ ಕೆಲಸ. ಅಣ್ಣಾ ಸಾಲೈ ಪಕ್ಕದ ರಿಚ್ಚಿ ಸ್ಟ್ರೀಟಿನಲ್ಲೋ ವಾದ್ಯದಂಗಡಿಗಳಲ್ಲೋ ವಿಚಾರಿಸಿ.

ಜೋಡಿಸುವ ಕ್ರಮ

ಕಾಂಟ್ಯಾಕ್ಟ್ ಮೈಕಾದರೆ ಪೆಟ್ಟಿಗೆಯ 'ಇನ್‌ಸ್ಟ್ರುಮೆಂಟ್' ಗುಂಡಿ ಒತ್ತಬೇಕು. ಸ್ಟ್ಯಾಂಡಿನ ಮೈಕಾದರೆ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ತಂತಿ ಬೇಕು. ಕಂಡೆನ್ಸರ್ ಮೈಕಿಗೆ 48 ವೋಲ್ಟ್ ವಿದ್ಯುತ್ ಬೇಕಾಗುವುದರಿಂದ ಆ ಗುಂಡಿಯನ್ನೂ ಒತ್ತಿ. ವೇದಿಕೆಯಲ್ಲಿ ಹಾಡುವಾಗ ಹಿಡಿಯುವ ಡೈನಮಿಕ್ ಮೈಕಿಗೆ ಅದು ಬೇಡ. ಮೈಕನ್ನು ವೀಣೆಯ ಕೊಡದಿಂದ ಸುಮಾರು ಒಂದಡಿ ದೂರದಲ್ಲಿಟ್ಟು, ಹಿಂದೆ ಮುಂದೆ ಸರಿಸಿ ಕೇಳಿ ನೋಡಿ. ಮೃದಂಗಕ್ಕೆ ಎರಡು ಮುಖ. ಎರಡು ಮೈಕಿದ್ದರೆ ಒಳ್ಳೆಯದು.

ಮೊದಲು ಜೋರಾಗಿ ನುಡಿಸಿ ಮಟ್ಟ ನೋಡಿಕೊಳ್ಳಿ. ಮುಳ್ಳು ಮೈನಸ್ 12 ಡೆಸಿಬೆಲ್ ಸುತ್ತ ನಿಂತರೆ ಸರಿ, ಸೊನ್ನೆ ಮುಟ್ಟಿದರೆ ಸದ್ದು ಒಡೆಯುತ್ತದೆ. ಒಡೆದದ್ದನ್ನು ಆಮೇಲೆ ಸರಿಪಡಿಸುವುದು ಕಷ್ಟ. ಮುದ್ರಿಸಲು 'ಆಡಾಸಿಟಿ' ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. ಸ್ಪೀಕರ್ ಆರಿಸಿ ಇಯರ್‌ಫೋನಿನಲ್ಲಿ ಕೇಳಿ. ನುಡಿಸಿದ್ದು ತಡವಾಗಿ ಕಿವಿಗೆ ಬಿದ್ದರೆ ಪೆಟ್ಟಿಗೆಯ 'ಡೈರೆಕ್ಟ್ ಮಾನಿಟರ್' ಹಾಕಿ. ಲ್ಯಾಪ್‌ಟಾಪಿನಲ್ಲಿ 'ಗುಂಯ್' ಕೇಳಿಸಿದರೆ ಚಾರ್ಜರ್ ಕಿತ್ತು ನೋಡಿ.

ಇನ್ನು ನಮ್ಮೂರ ಸೆಕೆ! ಫ್ಯಾನು, ಏಸಿ ಎರಡೂ ಆರಿಸಲೇಬೇಕು. ಹಾಗಾಗಿ ಬೆಳಗಿನ ಜಾವವೇ ಮೇಲು. ಮುಗಿದ ಮೇಲೆ ವೇವ್ ಫೈಲಾಗಿ ಉಳಿಸಿ, ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿಡಿ.

ತಡ ಮಾಡಬೇಡಿ

ನಾನು ಪೆಟ್ಟಿಗೆ ತರುವಷ್ಟರಲ್ಲಿ ಎರಡು ವರ್ಷ ಕಳೆದಿತ್ತು. ಸಂಧಿವಾತದಿಂದ ಅತ್ತೆಯ ಬೆರಳು ಮಡಚುತ್ತಿರಲಿಲ್ಲ. "ವೀಣೆ ಬಿಡೋ, ಹಾಡ್ತೀನಿ" ಎಂದರು. ಅಮ್ಮನಿಂದ ಕಲಿತ ಹಸೆಹಾಡು, ಆರತಿ ಹಾಡು ಒಟ್ಟು ಹನ್ನೊಂದು ಸಿಕ್ಕವು. ವೀಣೆ ಮಾತ್ರ ಆ 'ಗುಂಯ್' ಸದ್ದಿನ ಹಿಂದೆಯೇ ಉಳಿಯಿತು. ಅದನ್ನೂ ಅಳಿಸದೆ ಇಟ್ಟಿದ್ದೇನೆ.

ನಿಮ್ಮ ಮನೆಯಲ್ಲೂ ಹಾಡುವ, ನುಡಿಸುವ ಹಿರಿಯರಿದ್ದರೆ ಈ ಭಾನುವಾರವೇ ಕೂರಿಸಿಕೊಳ್ಳಿ.