ನೆಲಹಾಸು: ಬಣ್ಣಕ್ಕಿಂತ ಮೊದಲು ನೂಲನ್ನು ನೋಡಿ

ಮನೆಗೆ ಬಂದವರಿಗೆ ಕಾಲಿಗೆ ನೀರು ಕೊಟ್ಟು, ಹಾಸು ಹಾಸಿ, "ಬರ್ರಿ, ಕೂಡ್ರಿ" ಎನ್ನುವುದು ನಮ್ಮ ನಾಡಿನ ಹಳೆಯ ಮರ್ಯಾದೆ. ಹಾಸಿದ್ದು ಚಾಪೆಯೋ ಕಂಬಳಿಯೋ ಜಮಖಾನೆಯೋ ಎಂಬುದು ಮನೆಯ ಅನುಕೂಲಕ್ಕೆ ಬಿಟ್ಟ ಮಾತಾಗಿತ್ತು. ಇಂದು ಕುರ್ಚಿ, ಸೋಫಾಗಳು ಬಂದಿವೆ. ಸಗಣಿ ಸಾರಿಸಿದ ನೆಲವೂ ಶಹಾಬಾದ ಕಲ್ಲಿನ ನೆಲವೂ ಹೋಗಿ, ಕನ್ನಡಿಯಂತೆ ಹೊಳೆಯುವ ಟೈಲ್ಸ್ ಬಂದಿವೆ. ಆದರೂ ಪೂಜೆಗೆ ಕೂಡಲು, ಮಕ್ಕಳು ಆಡಲು, ಹಬ್ಬದ ದಿನ ಹತ್ತಾರು ಜನ ಪಂಕ್ತಿಯಲ್ಲಿ ಕುಳಿತು ಉಣ್ಣಲು ನೆಲವೇ ನಮಗೆ ಆಸರೆ. ಹೀಗಾಗಿ ಹೊಸ ಮನೆ ಕಟ್ಟಿಸಿದವರೂ ಮಗಳ ಮದುವೆ ಮಾಡುವವರೂ ಒಂದಿಲ್ಲೊಂದು ದಿನ ನೆಲಹಾಸಿನ ಅಂಗಡಿಯ ಮೆಟ್ಟಿಲು ಹತ್ತಲೇಬೇಕಾಗುತ್ತದೆ.

ಅಲ್ಲಿ ಅಂಗಡಿಕಾರನು ಮೊದಲು ತೋರಿಸುವುದು ಬಣ್ಣವನ್ನು, ಆಮೇಲೆ ಚಿತ್ತಾರವನ್ನು, ಕಡೆಗೆ ಬೆಲೆಯನ್ನು. ಯಾವ ನೂಲಿನಿಂದ ಅದು ನೇಯಲ್ಪಟ್ಟಿದೆ ಎಂಬ ಮಾತು ನಾವು ಕೇಳದೆ ಹೊರಗೆ ಬರುವುದು ವಿರಳ. ಆದರೆ ಹಾಸಿನ ಬಾಳಿಕೆ, ಮನೆಯವರ ಆರೋಗ್ಯ, ಕೊಟ್ಟ ಹಣದ ಸಾರ್ಥಕತೆ ಈ ಮೂರೂ ನಿಂತಿರುವುದು ಆ ಕೇಳದ ಪ್ರಶ್ನೆಯ ಮೇಲೆ.

ಅಂಗಡಿಗೆ ಹೋಗುವ ಮುನ್ನ

ಮನೆಯಲ್ಲಿಯೇ ಕುಳಿತು ಮೂರು ಸಂಗತಿಗಳನ್ನು ಯೋಚಿಸಬೇಕು. ಈ ಹಾಸಿನ ಮೇಲೆ ಯಾರು ಕೂಡುತ್ತಾರೆ? ಇದರ ಮೇಲೆ ಏನು ಬೀಳುತ್ತದೆ? ಇದನ್ನು ಎಲ್ಲಿ ಒಗೆದು ಎಲ್ಲಿ ಒಣಗಿಸುತ್ತೇವೆ? ಅಂಬೆಗಾಲಿಡುವ ಕೂಸು ಇರುವ ಮನೆಯ ಅಗತ್ಯ ಬೇರೆ, ಕೋಲು ಹಿಡಿದು ನಡೆಯುವ ಅಜ್ಜ ಇರುವ ಮನೆಯ ಅಗತ್ಯ ಬೇರೆ. ಊಟಕ್ಕೆ ಹಾಸುವುದರ ಮೇಲೆ ಸಾರು ಚೆಲ್ಲುತ್ತದೆ. ದೇವರ ಮುಂದೆ ಹಾಸುವುದರ ಮೇಲೆ ಎಣ್ಣೆ ಸಿಡಿಯುತ್ತದೆ, ಊದುಬತ್ತಿಯ ಕೆಂಡ ಬೀಳುತ್ತದೆ. ಬಯಲುಸೀಮೆಯಲ್ಲಿ ಬಿಸಿಲಿಗೆ ಬರವಿಲ್ಲ, ಅಲ್ಲಿಯ ಕಾಟ ಧೂಳು; ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಧೂಳು ಕಡಿಮೆ, ಆದರೆ ಮಳೆಗಾಲದ ತೇವ ನಾಲ್ಕು ತಿಂಗಳು ಬಿಡುವುದಿಲ್ಲ. ಈ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತರೆ ಅರ್ಧ ಆಯ್ಕೆ ಮುಗಿದಂತೆ.

ಉಣ್ಣೆ

ರತ್ನಗಂಬಳಿ ಎಂಬ ಪದವನ್ನು ಬಿಡಿಸಿದರೆ ರತ್ನ, ಕಂಬಳಿ ಎಂಬ ಎರಡು ಮಾತುಗಳು ದೊರೆಯುತ್ತವೆ. ಸಮಾಸವಾಗುವಾಗ ಕಕಾರವು ಗಕಾರವಾಗಿದೆ. ಹಿರಿಯರ ಪಾಲಿಗೆ ಅದು ಉಣ್ಣೆಯ ವಸ್ತುವೇ ಆಗಿತ್ತೆಂಬುದಕ್ಕೆ ಪದವೇ ಸಾಕ್ಷಿ. ಉಣ್ಣೆಯ ಎಳೆಗೆ ಸ್ಪ್ರಿಂಗಿನ ಗುಣವಿದೆ. ತುಳಿದರೆ ಬಾಗಿ ಮತ್ತೆ ಏಳುತ್ತದೆ. ಆದ್ದರಿಂದ ವರ್ಷಗಳು ಕಳೆದರೂ ನಡೆದಾಡಿದ ಜಾಡು ಬೇಗ ಮೂಡುವುದಿಲ್ಲ. ತನ್ನ ತೂಕದ ಶೇಕಡಾ 30ರಷ್ಟು ತೇವವನ್ನು ಹೀರಿಕೊಂಡರೂ ಕೈಗೆ ಒದ್ದೆಯೆನಿಸದು. ಬೆಂಕಿಯ ಕಿಡಿ ಬಿದ್ದರೆ ಕಮರಿ ತಾನಾಗಿಯೇ ಆರುವುದು ಇದರ ಬಹು ದೊಡ್ಡ ಗುಣ. ದೀಪ ಧೂಪಗಳ ಬಳಿ ಕೂಡುವ ಹಾಸಿಗೆ ಉಣ್ಣೆಯಷ್ಟು ಸುರಕ್ಷಿತವಾದುದು ಮತ್ತೊಂದಿಲ್ಲ.

ಇದರ ಶತ್ರುಗಳು ಎರಡು. ಮೊದಲನೆಯದು ನುಸಿ. ಉಣ್ಣೆಯನ್ನು ತಿನ್ನುವುದು ಹಾರುವ ಪತಂಗವಲ್ಲ, ಅದರ ಮರಿಹುಳು. ಅದು ಕತ್ತಲಲ್ಲಿ, ಕಪಾಟಿನ ಅಡಿಯಲ್ಲಿ, ಅಲುಗಾಡದ ಮಡಿಕೆಯಲ್ಲಿ ಬೆಳೆಯುತ್ತದೆ. ಎರಡನೆಯದು ತಪ್ಪಾಗಿ ಒಗೆಯುವುದು. ಬಿಸಿನೀರು ಉಣ್ಣೆಯನ್ನು ಕುಗ್ಗಿಸಿ ಗಂಟಾಗಿಸುತ್ತದೆ. ಒಗೆಯುವ ಸೋಡಾ ಎಳೆಯನ್ನು ಸವೆಸುತ್ತದೆ. ಬ್ಲೀಚಿಂಗ್ ದ್ರವವಂತೂ ಅದನ್ನು ಕರಗಿಸಿಯೇ ಬಿಡುತ್ತದೆ. ತಣ್ಣೀರು, ಅಂಟುವಾಳದ ನೊರೆ, ನೆರಳಿನ ಗಾಳಿ ಇವು ಉಣ್ಣೆಗೆ ಹಿತ.

ರತ್ನಗಂಬಳಿಯ ಬೆಲೆ ಎಲ್ಲರಿಗೂ ನಿಲುಕದು. ಆದರೆ ಚಳ್ಳಕೆರೆಯ ಕಡೆಯಲ್ಲಿಯೂ ಉತ್ತರ ಕರ್ನಾಟಕದ ಹಲವೆಡೆಗಳಲ್ಲಿಯೂ ದಖ್ಖನಿ ಕುರಿಯ ಉಣ್ಣೆಯಿಂದ ನೇಯುವ ಕರಿಯ ಕಂಬಳಿ ಇಂದಿಗೂ ದೊರೆಯುತ್ತದೆ. ಹುಣಸೆಬೀಜದ ಗಂಜಿ ಹಚ್ಚಿ ಬಿಗಿ ಮಾಡಿದ ಈ ಕಂಬಳಿ ಮೊದಲು ಮೈಗೆ ಚುಚ್ಚುತ್ತದೆಯೆಂಬುದು ನಿಜ, ಬಳಸಿದಂತೆ ಮೆದುವಾಗುತ್ತದೆ. ಚಳಿಗಾಲದಲ್ಲಿ ತಣ್ಣನೆಯ ಟೈಲ್ಸಿನ ಮೇಲೆ ಕೂಡುವ ವೃದ್ಧರಿಗೆ ಅದರ ಬೆಲೆ ತಿಳಿಯುತ್ತದೆ.

ಹತ್ತಿ

ಹತ್ತಿಯ ಹಾಸಿನಲ್ಲಿ ನಮ್ಮ ನಾಡಿಗೆ ಹೆಸರು ತಂದಿರುವುದು ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನೆ. ಆದಿಲಶಾಹಿ ಕಾಲದ ವಿಜಯಪುರದಿಂದ ಬಂದ ನೇಕಾರರು ಈ ವಿದ್ಯೆಯನ್ನು ಅಲ್ಲಿಗೆ ತಂದರೆಂಬುದು ಪ್ರತೀತಿ. ಇಂದು ಇದನ್ನು ನೇಯುವವರು ಅಲ್ಲಿಯ ಮುಸ್ಲಿಂ ಮನೆತನಗಳ ಹೆಣ್ಣುಮಕ್ಕಳು. ಪಗಡೆಹಾಸು, ನವಿಲು ಮುಂತಾದ ಚಿತ್ತಾರಗಳನ್ನು ನೆಟ್ಟಗೆ ನಿಲ್ಲಿಸಿದ ಮಗ್ಗದ ಮೇಲೆ ಕೈಯಿಂದಲೇ ಮೂಡಿಸುತ್ತಾರೆ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ಆದರೆ ನೇಯುವ ಕೈಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ದಿನಗಟ್ಟಲೆಯ ದುಡಿಮೆಗೆ ತಕ್ಕ ಬೆಲೆ ಕೊಟ್ಟು ಕೊಳ್ಳುವವರಿಲ್ಲದಿದ್ದರೆ ಮಾನ್ಯತೆಯ ಪತ್ರವೊಂದೇ ಕಲೆಯನ್ನು ಉಳಿಸಲಾರದು.

ಜಮಖಾನೆಗೆ ಮೇಲೆದ್ದ ಎಳೆಗಳಿಲ್ಲ. ಆದ್ದರಿಂದ ಧೂಳು ಒಳಗೆ ಅಡಗದು. ಮಡಿಚಿ ಕಟ್ಟಿನ ಮೇಲೆ ಹಾಕಿ ಕೋಲಿನಿಂದ ಬಡಿದರೆ ಉದುರಿಹೋಗುತ್ತದೆ. ಮನೆಯಲ್ಲಿಯೇ ತೊಳೆಯಬಹುದು. ಮೊದಲ ಒಗೆತದಲ್ಲಿ ಸ್ವಲ್ಪ ಕುಗ್ಗುವುದುಂಟು, ಗಾಢ ಬಣ್ಣ ಬಿಡುವುದೂ ಉಂಟು. ಆದುದರಿಂದ ಅಳತೆಗಿಂತ ಒಂದೆರಡು ಅಂಗುಲ ಹೆಚ್ಚಿನದನ್ನೇ ಕೊಳ್ಳಬೇಕು, ಒದ್ದೆ ಬಟ್ಟೆಯಿಂದ ಮೂಲೆಯನ್ನು ಉಜ್ಜಿ ಬಣ್ಣ ಹತ್ತುತ್ತದೆಯೇ ಎಂದು ಅಂಗಡಿಯಲ್ಲಿಯೇ ನೋಡಬೇಕು. ಹತ್ತಿಯ ದೋಷವೆಂದರೆ ನೀರನ್ನು ಹೀರಿ ಬಹಳ ಹೊತ್ತು ಹಿಡಿದಿಡುವುದು. ಮಳೆಗಾಲದಲ್ಲಿ ದಪ್ಪ ಜಮಖಾನೆಯನ್ನು ತೊಳೆದರೆ ಒಣಗುವ ಮೊದಲೇ ಬೂಷ್ಟು ಹಿಡಿದೀತು.

ಕೃತಕ ನೂಲು

ಅಮೆರಿಕದ ರಸಾಯನ ವಿಜ್ಞಾನಿ ವಾಲೇಸ್ ಕರೋಥರ್ಸ್ 1935ರಲ್ಲಿ ನೈಲಾನನ್ನು ರೂಪಿಸಿದ ಮೇಲೆ ನೂಲಿನ ಲೋಕವೇ ಬದಲಾಯಿತು. ಯಂತ್ರದ ಹಾಸುಗಳಲ್ಲಿ ಇಂದು ಹೆಚ್ಚಾಗಿ ಕಾಣುವುದು ನೈಲಾನ್, ಪಾಲಿಯೆಸ್ಟರ್ ಮತ್ತು ಪಾಲಿಪ್ರೊಪಿಲೀನ್. ಇವುಗಳನ್ನು ಸಾರಾಸಗಟಾಗಿ ಹಳಿಯುವುದು ನ್ಯಾಯವಲ್ಲ. ನುಸಿಯ ಕಾಟವಿಲ್ಲ, ಬೆಲೆ ಕಡಿಮೆ. ಜನಸಂಚಾರ ಹೆಚ್ಚಿರುವಲ್ಲಿ ನೈಲಾನ್ ಬಹಳ ತಾಳುತ್ತದೆ. ಪಾಲಿಪ್ರೊಪಿಲೀನ್ ನೀರನ್ನು ಹೀರುವುದೇ ಇಲ್ಲವೆನ್ನಬಹುದು. ತೇವದ ಊರುಗಳಲ್ಲಿ ಅದು ಅನುಕೂಲ.

ಆದರೆ ಇವು ಶಾಖಕ್ಕೆ ಅಂಜುತ್ತವೆ. ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿ ಸೆಲ್ಸಿಯಸ್ಸಿಗೇ ಕರಗತೊಡಗುತ್ತದೆ. ಊದುಬತ್ತಿಯ ಕೆಂಡ ಬಿದ್ದರೆ ತೂತು, ಇಸ್ತ್ರಿಪೆಟ್ಟಿಗೆ ತಾಗಿದರೆ ಕಲೆ. ಕರಗಿದ ಎಳೆ ಚರ್ಮಕ್ಕೆ ಅಂಟಿ ಸುಡುತ್ತದೆ. ದೇವರ ಕೋಣೆಗೂ ಅಡುಗೆಮನೆಗೂ ಇವು ಸಲ್ಲವು. ಅಲ್ಲದೆ ಪಾಲಿಪ್ರೊಪಿಲೀನ್ ಎಳೆ ತುಳಿತಕ್ಕೆ ಮಲಗಿದರೆ ಉಣ್ಣೆಯಂತೆ ಮತ್ತೆ ಏಳುವುದಿಲ್ಲ. ನೀರಿನ ಕಲೆಗೆ ಜಗ್ಗದಿದ್ದರೂ ಎಣ್ಣೆಯ ಜಿಡ್ಡನ್ನು ಬಿಡುವುದಿಲ್ಲ.

ಸೆಣಬು, ನಾರು, ರೇಷ್ಮೆ

ಸೆಣಬಿನ ಹಾಸು ಅಗ್ಗ, ನೋಟಕ್ಕೂ ಚಂದ. ಆದರೆ ನೀರು ಬಿದ್ದಲ್ಲಿ ಕಂದು ಕಲೆಯಾಗಿ ಎಳೆ ಕುಂದುತ್ತದೆ. ಒಣ ಕೋಣೆಗೆ ಮಾತ್ರ ಅದು ಸರಿ. ಕೇರಳದ ಆಲಪ್ಪುಳದ ತೆಂಗಿನ ನಾರು ತೇವವನ್ನು ತಾಳಬಲ್ಲದು, ಒರಟು. ಆದುದರಿಂದ ಅದರ ಸ್ಥಾನ ಹೊಸ್ತಿಲ ಹೊರಗೆ. ಬಾಗಿಲಲ್ಲಿ ಒಂದು ಒಳ್ಳೆಯ ನಾರಿನ ಕಾಲೊರಸು ಇದ್ದರೆ ಒಳಗಿನ ಹಾಸಿಗೆ ಬರುವ ಮಣ್ಣು ಬಹಳಷ್ಟು ಅಲ್ಲಿಯೇ ನಿಲ್ಲುತ್ತದೆ. ರೇಷ್ಮೆಯ ರತ್ನಗಂಬಳಿ ತುಳಿಯುವುದಕ್ಕಿಂತ ನೋಡುವುದಕ್ಕೆ ಲೇಸು. 'ಬ್ಯಾಂಬೂ ಸಿಲ್ಕ್', 'ಆರ್ಟ್ ಸಿಲ್ಕ್' ಎಂಬ ಹೆಸರುಗಳಿಗೆ ಮರುಳಾಗಬಾರದು. ಅವು ಸಾಮಾನ್ಯವಾಗಿ ವಿಸ್ಕೋಸ್; ರೇಷ್ಮೆಯ ಹುಳುವಿಗೂ ಅವಕ್ಕೂ ಸಂಬಂಧವಿಲ್ಲ, ಒದ್ದೆಯಾದರೆ ಎಳೆ ಬಲ ಕಳೆದುಕೊಳ್ಳುತ್ತದೆ.

ಪರೀಕ್ಷಿಸುವ ಬಗೆ

ಉಣ್ಣೆಯ ಬೆಲೆ ಕೊಟ್ಟು ಪ್ಲಾಸ್ಟಿಕ್ ತಂದವರು ಕಡಿಮೆಯೇನಿಲ್ಲ. ಹಣ ಕೊಡುವ ಮುನ್ನ ಅಂಗಡಿಕಾರನನ್ನು ಕೇಳಿ, ಮೇಲ್ಭಾಗದಿಂದ ಒಂದೆರಡು ಎಳೆ ಪಡೆದು, ಹೊರಗೆ ನೀರಿನ ತಟ್ಟೆಯ ಮೇಲೆ ಚಿಮುಟದಲ್ಲಿ ಹಿಡಿದು ಸುಡಬೇಕು. ಕೂದಲು ಸುಟ್ಟ ನಾತ ಬಂದು, ಕರಿಯ ಕರಕಲು ಬೆರಳಿನಲ್ಲಿ ಪುಡಿಯಾದರೆ ಉಣ್ಣೆ. ಕಾಗದ ಸುಟ್ಟ ವಾಸನೆಯೊಡನೆ ಮೆತ್ತನೆಯ ಬೂದಿಯಾದರೆ ಹತ್ತಿ ಅಥವಾ ವಿಸ್ಕೋಸ್. ಕರಗಿ ತೊಟ್ಟಿಕ್ಕಿ, ಆರಿದ ಮೇಲೆ ಗಟ್ಟಿ ಮಣಿಯಾದರೆ ಅದು ಕೃತಕ ನೂಲು. ಅಂಚಿನ ಕುಚ್ಚನ್ನು ಮಾತ್ರ ಸುಟ್ಟು ನಂಬಬಾರದು. ಉಣ್ಣೆಯ ಹಾಸಿಗೂ ಕುಚ್ಚು ಹತ್ತಿಯದೇ ಇರುವುದು ವಾಡಿಕೆ.

ಬಳಿಕ ಹಾಸನ್ನು ಮಗುಚಿ ನೋಡಬೇಕು. ಮೇಲಿನ ಚಿತ್ತಾರ ಹಿಂಬದಿಯಲ್ಲಿಯೂ ಸ್ಪಷ್ಟವಾಗಿ, ಒಂದೊಂದು ಗಂಟೂ ತುಸು ಏರುಪೇರಾಗಿ ಕಂಡರೆ ಕೈಯಿಂದ ಗಂಟು ಹಾಕಿದ್ದು. ಬೆನ್ನಿಗೆ ದಪ್ಪ ಬಟ್ಟೆ ಅಂಟಿಸಿದ್ದರೆ ಅದು ಅಂಟಿನಿಂದ ನಿಂತ ಹಾಸು. ಕೆಲವು ವರ್ಷಗಳ ಮೇಲೆ ಅಂಟು ಒಣಗಿ ಪುಡಿ ಉದುರುತ್ತದೆ. ಎರಡಕ್ಕೂ ಒಂದೇ ಬೆಲೆ ಕೊಡುವುದು ಸಲ್ಲದು.

ಉಸಿರು ಮತ್ತು ನಡಿಗೆ

ದಪ್ಪ ಹಾಸಿನ ಎಳೆಗಳ ಬುಡದಲ್ಲಿ ಡಸ್ಟ್ ಮೈಟ್ ಎಂಬ ಕಣ್ಣಿಗೆ ಕಾಣದ ಜೀವಿಗಳು ನೆಲೆಸುತ್ತವೆ. ನಮ್ಮ ಮೈಯಿಂದ ಉದುರುವ ಚರ್ಮದ ಕಣವೇ ಅವಕ್ಕೆ ಆಹಾರ, ತೇವವೇ ಅವಕ್ಕೆ ಜೀವ. ಅವುಗಳ ಮಲದ ಕಣಗಳು ಅಸ್ತಮಾ ಇರುವವರಲ್ಲಿ ಉಬ್ಬಸವನ್ನು ಕೆರಳಿಸುತ್ತವೆ. ಅಂಥ ಮಗು ಇರುವ ಮನೆಯಲ್ಲಿ ಗೋಡೆಯಿಂದ ಗೋಡೆಗೆ ಅಂಟಿಸುವ ಕಾರ್ಪೆಟ್ ಬೇಡವೇ ಬೇಡ. ತೆಗೆದು ಕೊಡವಿ, ತೊಳೆದು, ಬಿಸಿಲಿಗೆ ಹಾಕಬಹುದಾದ ತೆಳುವಾದ ಜಮಖಾನೆಯೇ ಲೇಸು. ವೈದ್ಯರ ಸಲಹೆಯನ್ನೂ ಪಡೆಯಬೇಕು.

ಹಿರಿಯರಿಗೆ ಇನ್ನೊಂದು ಅಪಾಯವಿದೆ. ನುಣುಪಾದ ಟೈಲ್ಸಿನ ಮೇಲೆ ಬಿಡಿಯಾಗಿ ಹಾಸಿದ ತೆಳು ಹಾಸು ಕಾಲಡಿ ಜಾರುತ್ತದೆ. ಮಡಿಚಿದ ಮೂಲೆ ಕಾಲಿಗೆ ತೊಡರುತ್ತದೆ. ಮುಪ್ಪಿನಲ್ಲಿ ತೊಡೆಯ ಎಲುಬು ಮುರಿದರೆ ಮತ್ತೆ ಮೊದಲಿನಂತೆ ನಡೆದಾಡುವುದು ಹಲವರಿಗೆ ಸಾಧ್ಯವಾಗುವುದಿಲ್ಲ. ಹಾಸಿನ ಅಡಿಗೆ ರಬ್ಬರಿನ ಜಾಲರಿ ಹಾಸಬೇಕು. ಮಂಚದಿಂದ ಬಚ್ಚಲಿಗೆ ಹೋಗುವ ದಾರಿಯನ್ನು ಬರಿದಾಗಿಯೇ ಬಿಡಬೇಕು.

ನೇಯ್ದ ಕೈ ಯಾರದು?

ಉತ್ತರ ಪ್ರದೇಶದ ಭದೋಹಿ, ಮಿರ್ಜಾಪುರಗಳು ರತ್ನಗಂಬಳಿಗೆ ಲೋಕಪ್ರಸಿದ್ಧ. ಆ ಉದ್ಯಮದಲ್ಲಿ ಎಳೆಯ ಮಕ್ಕಳನ್ನು ದುಡಿಸುತ್ತಿದ್ದುದು ನಾಡಿಗೆ ಕಳಂಕವಾಗಿತ್ತು. 1986ರ ಬಾಲಕಾರ್ಮಿಕ ಕಾಯಿದೆ ಕಾರ್ಪೆಟ್ ನೇಯ್ಗೆಯಲ್ಲಿ ಮಕ್ಕಳ ದುಡಿಮೆಯನ್ನು ನಿಷೇಧಿಸಿತು. 2016ರ ತಿದ್ದುಪಡಿ ಅದನ್ನು ಇನ್ನೂ ಬಿಗಿಗೊಳಿಸಿತು. 2014ರಲ್ಲಿ ನೊಬೆಲ್ ಶಾಂತಿ ಪುರಸ್ಕಾರ ಪಡೆದ ಕೈಲಾಶ್ ಸತ್ಯಾರ್ಥಿಯವರ ಪ್ರಯತ್ನದಿಂದ 1994ರಲ್ಲಿ 'ರಗ್‌ಮಾರ್ಕ್' ಎಂಬ ಗುರುತು ಬಂದಿತು. 2009ರಿಂದ ಅದು 'ಗುಡ್‌ವೀವ್' ಎಂಬ ಹೆಸರು ಪಡೆದಿದೆ. ಕೈಯಿಂದ ಗಂಟು ಹಾಕಿದ ರತ್ನಗಂಬಳಿ ಕೊಳ್ಳುವವರು ಈ ಚೀಟಿ ಇದೆಯೇ ಎಂದು ಕೇಳುವುದು ಒಳ್ಳೆಯದು. ನಮ್ಮ ಕೂಸು ಆಡುವ ಹಾಸಿನಲ್ಲಿ ಮತ್ತೊಂದು ಕೂಸಿನ ಬೆರಳಿನ ನೋವು ಇರಬಾರದಷ್ಟೆ.

ಕೊನೆಯದಾಗಿ, ಆಯ್ಕೆಯ ಸಾರವನ್ನು ಹೀಗೆ ಹೇಳಬಹುದು. ದೇವರ ಮುಂದೆ ಉಣ್ಣೆ, ಊಟಕ್ಕೂ ಮಕ್ಕಳ ಆಟಕ್ಕೂ ಹತ್ತಿ, ತೇವದ ಊರಿನ ಪಡಸಾಲೆಗೆ, ಬೆಂಕಿಯ ಹತ್ತಿರವಲ್ಲದಿದ್ದರೆ, ಕೃತಕ ನೂಲು, ಬಾಗಿಲಿಗೆ ನಾರು. ಕೊಳ್ಳುವ ಮುನ್ನ ಹಳೆಯ ವೃತ್ತಪತ್ರಿಕೆಗಳನ್ನು ಬೇಕಾದ ಅಳತೆಗೆ ನೆಲದ ಮೇಲೆ ಹರಡಿ ನೋಡಿದರೆ ಗಾತ್ರ ತಿಳಿಯುತ್ತದೆ, ಬಾಗಿಲು ಅದರ ಮೇಲೆ ಹಾಯುವುದೋ ಇಲ್ಲವೋ ಎಂಬುದೂ ತಿಳಿಯುತ್ತದೆ. ಮನೆಗೆ ತಂದ ಮೇಲೆ ಆಗಾಗ ಎತ್ತಿ ಕೊಡವಿ, ಅಡಿಯ ನೆಲ ಗುಡಿಸಿ, ತಿರುಗಿಸಿ ಹಾಸಿದರೆ ಒಂದೇ ಕಡೆ ಸವೆಯುವುದಿಲ್ಲ, ನುಸಿಯೂ ನೆಲೆಯೂರದು. ಎತ್ತಿ ಕೊಡವಲಾರದಷ್ಟು ಭಾರವಾದುದನ್ನು, ಎಷ್ಟೇ ಚಂದವಿದ್ದರೂ, ಕೊಳ್ಳದಿರುವುದೇ ಜಾಣತನ.