ಒಂದು ಮೋಟಾರು, ಎರಡು ಅಳತೆ

ಭಾರ ಹೊತ್ತ ಕನ್ವೇಯರ್ ಬೆಲ್ಟನ್ನು 10 ಹರ್ಟ್ಸ್‌ನ ಮಂದಗತಿಯಲ್ಲಿ ಎಳೆಯುತ್ತಿರುವ 7.5 ಕಿಲೋವಾಟ್ ಮೋಟಾರೊಂದರ ವೇಗವನ್ನು ನಿಯಂತ್ರಿಸುವ ಡ್ರೈವ್ ಪೆಟ್ಟಿಗೆಗೆ ಒಳಬರುವ ತಂತಿಗೆ ಟಾಂಗ್ ಟೆಸ್ಟರ್ ಹಾಕಿದರೆ ನಾಲ್ಕೈದು ಆಂಪಿಯರ್ ಕಾಣುತ್ತದೆ. ಅದೇ ಗಳಿಗೆಯಲ್ಲಿ ಪೆಟ್ಟಿಗೆಯ ಮುಖದ ಮೇಲಿನ ಅಂಕಿ ಹದಿನೈದರ ಸಮೀಪದಲ್ಲಿರುತ್ತದೆ. ಡಿಸ್‌ಪ್ಲೇ ಕೆಟ್ಟಿತೆಂದು ದೂರು ಬರೆಯುವವರು ಇಂದಿಗೂ ಉಂಟು. ವಾಸ್ತವದಲ್ಲಿ ಎರಡೂ ಸತ್ಯವೇ.

415 ವೋಲ್ಟಿನ ಸರಬರಾಜನ್ನು ಡ್ರೈವು ಮೊದಲು ಡಯೋಡುಗಳ ಮೂಲಕ ಏಕಮುಖ ಪ್ರವಾಹವಾಗಿ ಪರಿವರ್ತಿಸಿ, ಸುಮಾರು 580 ವೋಲ್ಟಿನ ಮಟ್ಟದಲ್ಲಿ ಕೆಪಾಸಿಟರುಗಳಲ್ಲಿ ನಿಲ್ಲಿಸಿ, ಅನಂತರ ಐಜಿಬಿಟಿ ಎಂಬ ಅರೆವಾಹಕ ಸ್ವಿಚ್ಚುಗಳಿಂದ ಸೆಕೆಂಡಿಗೆ ಹಲವು ಸಾವಿರ ಸಲ ಕತ್ತರಿಸಿ, ಇಷ್ಟಬಂದ ಆವರ್ತನದ ಪರ್ಯಾಯ ಪ್ರವಾಹವನ್ನು ಹೊಸದಾಗಿ ಕಟ್ಟುತ್ತದೆ. ಪೆಟ್ಟಿಗೆಯ ಮುಖದಲ್ಲಿ ಕಾಣುವುದು ಹೀಗೆ ಮೋಟಾರಿಗೆ ಹರಿಯುವ ಪ್ರವಾಹ; ಬೆಲ್ಟಿನ ಭಾರ ಎಷ್ಟೋ ಅದೂ ಅಷ್ಟು. ಆದರೆ ಸಾಮರ್ಥ್ಯವೆಂಬುದು ತಿರುಗುಬಲ ಮತ್ತು ವೇಗಗಳ ಗುಣಲಬ್ಧವಾದುದರಿಂದ, ವೇಗ ಐದನೆಯ ಒಂದು ಪಾಲಿಗೆ ಇಳಿದಾಗ ಹೊರಗಿನಿಂದ ತರಬೇಕಾದ ಶಕ್ತಿಯೂ ಹೆಚ್ಚುಕಡಿಮೆ ಹಾಗೆಯೇ ಇಳಿಯುತ್ತದೆ. ಮೋಟಾರಿನ ಕಾಂತಕ್ಷೇತ್ರವನ್ನು ಪೋಷಿಸುವ ಪ್ರವಾಹಭಾಗವಂತೂ ಮೋಟಾರು ಮತ್ತು ಡ್ರೈವುಗಳ ನಡುವೆಯೇ ಸುತ್ತುತ್ತಿದ್ದು, ಒಳಬರುವ ತಂತಿಯತ್ತ ಸುಳಿಯುವುದೇ ಇಲ್ಲ.

ಇನ್ನು ಉಪಕರಣದ ವಿಚಾರ. ಒಳಬದಿಯ ಪ್ರವಾಹವು ಪ್ರತಿ ಅರ್ಧ ಆವರ್ತದಲ್ಲಿಯೂ ಒಂಟೆಯ ಜೋಡಿ ಡುಬ್ಬಗಳಂತೆ ಏರಿಳಿಯುತ್ತದೆ. ಅಗ್ಗದ ಮೀಟರು ಪ್ರವಾಹದ ಸರಾಸರಿಯನ್ನು ಕಂಡು ಅದನ್ನು 1.11ರಿಂದ ಗುಣಿಸಿ ತೋರಿಸುವುದಷ್ಟೆ. ಶುದ್ಧ ಸೈನ್ ಅಲೆಗೆ ಮಾತ್ರ ಒಪ್ಪುವ ಈ ಲೆಕ್ಕ ಇಲ್ಲಿ ನಿಜಕ್ಕಿಂತ ಬಹಳ ಕಡಿಮೆ ಹೇಳುತ್ತದೆ. ತಂತಿ ಕಾಯುವುದು ಪ್ರವಾಹದ ವರ್ಗಕ್ಕೆ ತಕ್ಕಂತೆ, ಆದಕಾರಣ ಆ ವರ್ಗವನ್ನೇ ಲೆಕ್ಕಕ್ಕೆ ಹಿಡಿಯುವ ಟ್ರೂ ಆರ್‌ಎಂಎಸ್ ಮೀಟರಿಗೆ ನಾಲ್ಕು ಕಾಸು ಹೆಚ್ಚು ತೆತ್ತರೂ ನಷ್ಟವಿಲ್ಲವೆಂದೇ ನನ್ನ ಎಣಿಕೆ.

ಸ್ವತಃ ಡ್ರೈವು ಅಳೆಯುವ ಬಗೆ ಇದಕ್ಕಿಂತ ಸೊಗಸಾದುದು. ಸಾಮಾನ್ಯ ಕರೆಂಟ್ ಟ್ರಾನ್ಸ್‌ಫಾರ್ಮರಿಗೆ ಏಕಮುಖ ಪ್ರವಾಹ ಕಾಣದು. ಒಂದೆರಡು ಹರ್ಟ್ಸ್‌ನಲ್ಲಿ ಅದರ ತಿರುಳು ತುಂಬಿಹೋಗುವ ಭಯವೂ ಉಂಟು. ಆದುದರಿಂದಲೇ, 1879ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಎಡ್ವಿನ್ ಹಾಲ್, ಪ್ರವಾಹ ಹರಿಯುತ್ತಿದ್ದ ಚಿನ್ನದ ತೆಳುಹಾಳೆಗೆ ಲಂಬವಾಗಿ ಕಾಂತಕ್ಷೇತ್ರವನ್ನೊಡ್ಡಿ ಅದರ ಅಂಚುಗಳ ನಡುವೆ ಕಂಡುಕೊಂಡ ಅತ್ಯಲ್ಪ ವೋಲ್ಟೇಜು, ಇಂದು ಅರೆವಾಹಕದ ಚೂರೊಂದರಲ್ಲಿ ಮರುಹುಟ್ಟು ಪಡೆದು ಈ ಪೆಟ್ಟಿಗೆಗಳೊಳಗೆ ದುಡಿಯುತ್ತಿದೆ. ಉತ್ತಮ ಮಾದರಿಗಳಲ್ಲಿ, ತಂತಿಯ ಸುತ್ತಣ ಕಾಂತಪ್ರವಾಹ ಸೊನ್ನೆಯಾಗುವವರೆಗೆ ಇನ್ನೊಂದು ಸುರುಳಿಯಲ್ಲಿ ಎದುರು ಪ್ರವಾಹವನ್ನು ಹರಿಸಿ, ಆ ಎದುರು ಪ್ರವಾಹವನ್ನೇ ಅಳತೆಯಾಗಿ ಓದಲಾಗುತ್ತದೆ. ಸಣ್ಣ ಡ್ರೈವುಗಳಿಗೆ ಶಂಟ್ ಎಂಬ ಪುಟ್ಟ ರೋಧಕವೇ ಸಾಕು. ಮೂರು ಫೇಸುಗಳ ಮೊತ್ತ ಸೊನ್ನೆಯೆಂದು ಹಿಡಿದು, ಎರಡನ್ನು ಅಳೆದು ಮೂರನೆಯದನ್ನು ಲೆಕ್ಕದಿಂದ ಪಡೆಯುವ ಮಿತವ್ಯಯವೂ ರೂಢಿಯಲ್ಲಿದೆ.

ಆದರೆ ಆ ಮೊತ್ತ ನಿಜಕ್ಕೂ ಸೊನ್ನೆಯಾಗಿರುವುದಿಲ್ಲ. ವೋಲ್ಟೇಜು ಥಟ್ಟನೆ ಜಿಗಿದಾಗಲೆಲ್ಲ ಉದ್ದನೆಯ ಕೇಬಲಿನಿಂದಲೂ ಮೋಟಾರಿನ ಮೈಯಿಂದಲೂ ಕಿಂಚಿತ್ ಪ್ರವಾಹ ನೆಲಕ್ಕೆ ಸೋರುತ್ತದೆ. ಅದರಲ್ಲೊಂದಂಶ ಬೇರಿಂಗುಗಳ ಮೂಲಕ ದಾರಿ ಹುಡುಕಿಕೊಂಡು, ಗುಂಡುಗಳು ಉರುಳುವ ಉಕ್ಕಿನ ಹಾದಿಯಲ್ಲಿ ಸಾಲುಸಾಲಾಗಿ ಗೀರು ಮೂಡಿಸುವುದುಂಟು. ಇದನ್ನು ಹಿಡಿಯಲು ಟಾಂಗ್ ಟೆಸ್ಟರ್ ಸಾಲದು. ಮಿಂಚಿ ಮರೆಯಾಗುವ ಪ್ರವಾಹಕ್ಕೆ ಓಗೊಡಬಲ್ಲ ರೊಗೊವ್‌ಸ್ಕಿ ಸುರುಳಿಯನ್ನು ಮೋಟಾರಿನ ಶಾಫ್ಟಿಗೇ ಸುತ್ತಿ ಆಸಿಲೋಸ್ಕೋಪಿನಲ್ಲಿ ನೋಡಬೇಕಾಗುತ್ತದೆ.