ಮಾತು ಬಿಟ್ಟ ಮ್ಯಾಕ್‌ಬೆತ್

ಕಾದಂಬರಿಯಲ್ಲಿದ್ದದ್ದು ಸಿನಿಮಾದಲ್ಲಿಲ್ಲ ಎಂಬ ದೂರು ನಮಗೆ ಹೊಸದಲ್ಲ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಕೂಡಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ‘ನಾಗರಹಾವು’ ತೆಗೆದಾಗ ಜನ ಮುಗಿಬಿದ್ದು ನೋಡಿದರು. ಕಾದಂಬರಿಕಾರರಿಗೆ ಮಾತ್ರ ಅದು ಒಪ್ಪಿಗೆಯಾಗಲಿಲ್ಲ. ಇಂಥ ಜಗಳದಲ್ಲಿ ಬಿಟ್ಟುಹೋದದ್ದರ ಪಟ್ಟಿ ಹಿಡಿದು ಕೂರುವವರೇ ಹೆಚ್ಚು. ಬಿಟ್ಟದ್ದು ಮೂಲದಲ್ಲಿ ಏನು ಕೆಲಸ ಮಾಡುತ್ತಿತ್ತು, ಆ ಕೆಲಸವನ್ನು ತೆರೆಯ ಮೇಲೆ ಯಾವುದು ವಹಿಸಿಕೊಂಡಿದೆ ಎಂದು ಕೇಳುವವರು ಕಡಿಮೆ. ಕೇಳಿ ನೋಡಲು ಅಕಿರ ಕುರೊಸಾವಾ 1957ರಲ್ಲಿ ಮಾಡಿದ ‘ಥ್ರೋನ್ ಆಫ್ ಬ್ಲಡ್’ ತಕ್ಕ ಚಿತ್ರ. ಅದು ‘ಮ್ಯಾಕ್‌ಬೆತ್’ ನಾಟಕವೇ. ಆದರೆ ಷೇಕ್ಸ್‌ಪಿಯರನ ಪದ್ಯವನ್ನು ಅದು ಪೂರ್ತಿ ಕೈಬಿಟ್ಟಿದೆ.

ಷೇಕ್ಸ್‌ಪಿಯರನ ಕಾಲದ ಲಂಡನ್ನಿನ ಗ್ಲೋಬ್ ರಂಗಶಾಲೆಯ ಅಂಗಳಕ್ಕೆ ಮಾಡು ಇರಲಿಲ್ಲ, ಆಟ ನಡೆಯುತ್ತಿದ್ದುದು ಹಾಡಹಗಲು. ಕೊಲೆಯ ರಾತ್ರಿಯನ್ನು ನಟ ಬೆಳಕಿನಲ್ಲಿ ನಿಂತು ಮಾತಿನಿಂದಲೇ ಕವಿಸಬೇಕಿತ್ತು, ಯಕ್ಷಗಾನದಲ್ಲಿ ಕಾಡೂ ಕಡಲೂ ಪದ-ಅರ್ಥಗಳಲ್ಲೇ ಹುಟ್ಟುವ ಹಾಗೆ. ಕ್ಯಾಮೆರಾಗೆ ಆ ಬಡತನವಿಲ್ಲ. ಕುರೊಸಾವಾ ಫ್ಯೂಜಿ ಬೆಟ್ಟದ ಇಳಿಜಾರಿನ ಕಪ್ಪು ಮಣ್ಣಿಗೆ ಹೋಗಿ, ಇಬ್ಬರು ಕುದುರೆ ಸವಾರರನ್ನು ಮಂಜಿನಲ್ಲಿ ಸುಮ್ಮನೆ ಅಲೆದಾಡಿಸುತ್ತಾನೆ. ಬರುತ್ತಾರೆ, ಹೋಗುತ್ತಾರೆ, ದಾರಿ ಸಿಗುವುದಿಲ್ಲ. ಅವರ ಬುದ್ಧಿಗೆ ಕವಿದ ಮಬ್ಬನ್ನು ಬೇರೆ ಯಾರೂ ವಿವರಿಸಬೇಕಾಗಿಲ್ಲ. ಲೇಡಿ ಮ್ಯಾಕ್‌ಬೆತ್ ಇಲ್ಲಿ ಅಸಾಜಿ. ಇಸುಜು ಯಮಾದಾ ಆ ಪಾತ್ರದಲ್ಲಿ ಮುಖವನ್ನು ಜಪಾನಿನ ನೋ ನಾಟಕದ ಮುಖವಾಡದಂತೆ ಬಿಗಿದಿಟ್ಟಿದ್ದಾಳೆ. ಕಾವಲುಗಾರರಿಗೆ ಮದ್ದು ಬೆರೆಸಿದ ಮದ್ಯ ತರಲು ಅವಳು ಕತ್ತಲೊಳಗೆ ಕರಗಿ, ಮತ್ತೆ ಮೂಡಿ ಬರುವಾಗ ಕಿವಿಗೆ ಬೀಳುವುದು ಕಿಮೊನೊದ ಸರಸರ ಸದ್ದು. ಮೈ ಜುಮ್ಮೆನ್ನಲು ಅಷ್ಟು ಸಾಕು.

ಆದರೆ ಚಿತ್ರ ಕೈಬಿಟ್ಟ ಮ್ಯಾಕ್‌ಬೆತ್‌ನ ಸ್ವಗತಗಳು ಬರಿಯ ಕತ್ತಲೆ-ಮಂಜಿನ ವರ್ಣನೆಯೇ? ಅಲ್ಲ. ತಾನು ಹಾಳಾಗುತ್ತಿರುವುದನ್ನು ಮ್ಯಾಕ್‌ಬೆತ್ ತಾನೇ ಬಲ್ಲ, ಆ ಅರಿವೇ ಅವನ ದೊಡ್ಡತನ. ಚಿತ್ರದಲ್ಲಿ ಅವನ ಜಾಗದಲ್ಲಿರುವ, ತೊಷಿರೊ ಮಿಫುನೆಯ ವಾಷಿಜುಗೆ ಅಂಥ ಅರಿವಿಲ್ಲ. ಇದು ನಷ್ಟವೇ, ಮುಚ್ಚಿಡುವುದು ಬೇಡ. ಅದರ ಬದಲಿಗೆ ಕುರೊಸಾವಾ ಕೊಟ್ಟದ್ದು ಬೇರೊಂದು ಸಾವು. ನಾಟಕದಲ್ಲಿ ಸೇಡು ತೀರಿಸುವವನು ಮ್ಯಾಕ್‌ಡಫ್. ಚಿತ್ರದಲ್ಲಿ ಒಡೆಯನನ್ನು ಕೊಂದವನಿಗೆ ಅವನದೇ ಸೈನಿಕರು ಬಾಣಗಳ ಮಳೆ ಸುರಿಸುತ್ತಾರೆ. ಅವನು ಕಲಿಸಿದ ಪಾಠವೇ ಅವನಿಗೆ ತಿರುಗುತ್ತದೆ. ಚಿತ್ರೀಕರಣದಲ್ಲಿ ನುರಿತ ಬಿಲ್ಲುಗಾರರು ನಿಜವಾದ ಬಾಣಗಳನ್ನೇ ಬಿಟ್ಟಿದ್ದರು. ಮಿಫುನೆಯ ಮುಖದ ಭಯ ಪೂರ್ತಿ ನಟನೆಯಲ್ಲ.

ಹಾಗಿದ್ದರೆ ಮ್ಯಾಕ್‌ಬೆತ್‌ನ ಹಂಗೇಕೆ, ಹೊಸ ಕಥೆಯನ್ನೇ ಮಾಡಬಾರದಿತ್ತೇ ಎನ್ನಬಹುದು. ಈ ಪ್ರಶ್ನೆಯನ್ನು ಕನ್ನಡಿಗರಾದರೂ ಕೇಳಬಾರದು. ಹ್ಯಾಮ್ಲೆಟ್‌ನನ್ನು ಬಿದನೂರಿಗೆ ಕರೆತಂದ ಕುವೆಂಪು ಅವರ ‘ರಕ್ತಾಕ್ಷಿ’ಯನ್ನು ನಮ್ಮದೆಂದು ಓದಿದವರು ನಾವು. ‘ನಾಗರಹಾವು’ ಚಿತ್ರವನ್ನೂ ಈ ಕಣ್ಣಿನಿಂದ ಮತ್ತೊಮ್ಮೆ ನೋಡಬಹುದು: ನಾಯಕ ರಾಮಾಚಾರಿಯ ಹಟವನ್ನು ಅಲ್ಲಿ ಎಷ್ಟೋ ಸಲ ಹೇಳುವುದು ಸಂಭಾಷಣೆಯಲ್ಲ, ಅವನ ಬೆನ್ನ ಹಿಂದಿನ ಚಿತ್ರದುರ್ಗದ ಬಂಡೆಗಳು.